ಕಿಡಿ ಎಲ್ಲೆ ತಪ್ಪಿತು?

ಮಳಿಗಾಲ ಬಂತಂದ್ರ ಅಡಗಿ ಮನ್ಯಾಗಿನ ಗ್ಯಾಸ್ ಲೈಟರ್ ಮುನಿಸಿಕೊಂಡು ಕೂಡ್ತದ ನೋಡ್ರಿ. ಟಕ್ ಟಕ್ ಅಂತದ, ಒಲಿ ಮಾತ್ರ ಹತ್ತಂಗಿಲ್ಲ. ಅದನ್ನ ಒಣ ಅರಿವಿಲೆ ಒರಸಿ, ಜರ ಬಿಸಲಿಗೆ ಇಟ್ಟು ಮತ್ತ ಒತ್ತಿದ್ರ ಚಿಟ್ ಅಂತ ನೀಲಿ ಕಿಡಿ ಬರ್ತದ. ಗ್ಯಾಸ್ ಮೊದಲೂ ಇತ್ತು, ಲೈಟರೂ ಕೆಟ್ಟಿರ್ಲಿಲ್ಲ. ಕಿಡಿ ಬರೋ ದಾರ್ಯಾಗ ಹಸಿ ಕೂತಿತ್ತು, ಅಷ್ಟ. ಹಳೇ ಪೆಟ್ರೋಲ್ ಗಾಡಿ ಮುಂಜಾನೆ ಚಾಲೂ ಆಗ್ದ ಹಟ ಹಿಡೀತದಲ್ಲ, ಅಲ್ಲೂ ಭಾಳ ಸಲ ಇದ ಕತಿ ಇರ್ತದ.

ಹೋದ ಸಲ ಬೀಸೋ ಕಲ್ಲಿನ ಬಗ್ಗೆ ಬರದಾಗ ನಮ್ಮ ವೈನ್ಯಾರು ಫೋನ್ ಮಾಡಿ, "ಕಲ್ಲು ಬಿಡು, ನಿಮ್ಮ ಮಾವನವರ ಫಿಯಾಟ್ ಇನ್ನೂ ಅದನೋ, ಗುಜರಿಗೆ ಹೋತೋ? ಅದರ ಬಗ್ಗೆ ಬರಿ" ಅಂದ್ರು. ಅದ ರೀ ವೈನಿ, ಇನ್ನೂ ಓಡ್ತದ. ಯಾಕ ಉಳೀತು ಅಂತ ಹೇಳ್ಬೇಕಂದ್ರ ಬರೇ ನಮ್ಮ ಮನಿ ಕತಿ ಹೇಳಿದ್ರ ಸಾಲಂಗಿಲ್ಲ. ಗಾಡಿಯೊಳಗ ಕಿಡಿ ಹೆಂಗ ಬಂತು, ಯಾರು ತಂದ್ರು ಅನ್ನೋದನ್ನೂ ಹೇಳ್ಬೇಕು. ಆ ಇತಿಹಾಸದಾಗ ನಮ್ಮಂಥ ಹೆಣ್ಮಕ್ಕಳ ಕೈ ಅದ. ನಮಗ ಮಾತ್ರ ಯಾವಾಗಲೂ "ನೀವು ಒಳಗ ಕೂಡ್ರಿ, ಇದು ನಿಮಗ ತಿಳಿಯಂಗಿಲ್ಲ" ಅಂತ ಹೇಳಿ ಬಾನೆಟ್ ಎತ್ತತಾರ.

ಮೊದಲ ಒಂದು ಮಾತು. ಪೆಟ್ರೋಲ್ ಗಾಡಿ ಓಡ್ಲಿಕ್ಕೆ ಗಾಳಿ ಬೇಕು, ಪೆಟ್ರೋಲ್ ಬೇಕು, ಎರಡೂ ಕೂಡಿದ ಮ್ಯಾಲೆ ಸರಿಯಾದ ಹೊತ್ತಿಗೆ ಒಂದು ಕಿಡಿ ಬೇಕು. ಆ ಕಿಡಿ ಹುಟ್ಟಸೋ ವ್ಯವಸ್ಥಾಕ್ಕ ಇಗ್ನಿಷನ್ ಅಂತಾರ. ನಮ್ಮ ಫಿಯಾಟಿನಂಥ ನಾಕು ಸಿಲಿಂಡರಿನ ಗಾಡಿ ಮಿನಿಟಿಗೆ 3000 ಸುತ್ತು ತಿರಗ್ಲಿಕ್ಕೆ ಹತ್ತಿದಾಗ ಸೆಕೆಂಡಿಗೆ 100 ಕಿಡಿ ಬೇಕಾಗ್ತಾವ. ನಾವು "ರಾಮ" ಅನ್ನೋದ್ರೊಳಗ ನೂರು ಸಲ ಲೈಟರ್ ಒತ್ತಿದಂಗ. ಅದೂ ಒಂದೂ ತಪ್ಪಬಾರದು, ಸರದಿ ಬಿಡಬಾರದು.

ಬರ್ತಾಬಾಯಿ ಮತ್ತು ಕಾಲುಚೀಲದ ಪಟ್ಟಿ

ಜರ್ಮನಿಯ ಮ್ಯಾನ್‌ಹೈಮ್ ಅನ್ನೋ ಊರಾಗ ಕಾರ್ಲ್ ಬೆಂಜ್ ಅಂತ ಇದ್ದ. 1886ರ ಜನವರಿ 29ಕ್ಕ ಅವ ತನ್ನ ಮೂರು ಗಾಲಿ ಮೋಟಾರ್ ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ. ಅದ ಹೊತ್ತಿಗೆ ಸ್ಟುಟ್‌ಗಾರ್ಟಿನ ಹತ್ತರ ಡೈಮ್ಲರ್ ಮತ್ತ ಮೇಬಾಕ್ ಅನ್ನೋ ಇಬ್ಬರೂ ಎಂಜಿನ್ ಮಾಡ್ಲಿಕ್ಕೆ ಹತ್ತಿದ್ರು. ಅವರು ಒಂದು ಸಣ್ಣ ಕೊಳವಿಯನ್ನ ಹೊರಗಿನಿಂದ ಉರಿ ಹಚ್ಚಿ ಕೆಂಪಗ ಕಾಸಿ, ಆ ಕಾವಿಲೆ ಪೆಟ್ರೋಲ್ ಹೊತ್ತಸ್ತಿದ್ರು. ಕಬ್ಬಿಣದ ತವಾ ಕಾದು ಕೆಂಪಾದಂಗ. ಬೆಂಜ್ ಮಾತ್ರ ಕರಂಟಿನ ಕಿಡೀನ ಬೇಕು ಅಂತ ಹಟ ಹಿಡಿದ. ಬ್ಯಾಟರಿಯಿಂದ ಬಂದ ಕರಂಟನ್ನ ಒಂದು ಕಾಯಿಲಿನೊಳಗ ಹಾಯಿಸಿ, ಮನಿ ಬಾಗಲದ ಹಳೇ ಕರಂಟ್ ಗಂಟಿ ಹೆಂಗ ಟರ್ರ್ ಅಂತ ನಡಗ್ತದೋ ಹಂಗ ಕರಂಟನ್ನ ತಡದು ಬಿಟ್ಟು, ತಡದು ಬಿಟ್ಟು ಕಿಡಿ ಹುಟ್ಟಸೋ ಉಪಾಯ ಅದು. ಎಂಜಿನಿನ ಎಲ್ಲಾ ತೊಂದರಿಯೊಳಗ ಈ ಕಿಡಿಯದ ದೊಡ್ಡದು ಅಂತ ಅವನೂ ಕಡೀತನಕ ಹೇಳಿದ.

ಗಾಡಿ ಆತು, ಪೇಟೆಂಟೂ ಆತು, ಕೊಳ್ಳೋರು ಮಾತ್ರ ಇಲ್ಲ. ಇಂಥ ಗಾಡಿ ಊರು ಬಿಟ್ಟು ಊರಿಗೆ ಹೋದೀತು ಅಂತ ಯಾರಿಗೂ ನಂಬಿಗಿ ಇಲ್ಲ. ಆವಾಗ ಮುಂದ ಬಂದಾಕಿ ಅವನ ಹೆಂಡ್ತಿ ಬರ್ತಾ. ನಮ್ಮ ಕಡೆ ಹುಟ್ಟಿದ್ರ ಬರ್ತಾಬಾಯಿ ಅಂತಿದ್ವಿ. ಲಗ್ನಕ್ಕಿಂತ ಮೊದಲ ತನಗ ಬರೋ ವರದಕ್ಷಿಣಿ ರೊಕ್ಕದಾಗಿನ ಒಂದು ಪಾಲು ಗಂಡ ಆಗೋನ ಕಾರಖಾನಿ ಉಳಸ್ಲಿಕ್ಕೆ ಕೊಟ್ಟಾಕಿ. 1888ರ ಆಗಸ್ಟ್ ತಿಂಗಳ ಒಂದು ಮುಂಜಾನೆ, ಗಂಡಗ ಹೇಳ್ದ, 15 ವರ್ಷದ ಮತ್ತ 13 ವರ್ಷದ ಇಬ್ಬರು ಗಂಡುಮಕ್ಕಳನ್ನ ಕರಕೊಂಡು, ಗಾಡಿ ಹೊರಗ ತಗದು ಫೋರ್ಜ್‌ಹೈಮಿನ ತನ್ನ ತವರಮನಿಗೆ ಹೊಂಟೇಬಿಟ್ಳು. ಸುಮಾರು 106 ಕಿಲೋಮೀಟರ್. ಅಲ್ಲೀತನಕ ಅಷ್ಟು ದೂರ ಮೋಟಾರ್ ಗಾಡಿ ಒಯ್ದವರು ಯಾರೂ ಇರ್ಲಿಲ್ಲ.

ದಾರ್ಯಾಗ ಪೆಟ್ರೋಲ್ ಬಂಕ್ ಎಲ್ಲಿಂದ ಬರ್ಬೇಕು? ಅರಿವಿ ಮ್ಯಾಲಿನ ಕಲೆ ತಗೀಲಿಕ್ಕೆ ಔಷಧ ಅಂಗಡ್ಯಾಗ ಮಾರೋ ಲಿಗ್ರಾಯಿನ್ ಅನ್ನೋ ಎಣ್ಣಿಯನ್ನ ವೀಸ್‌ಲಾಕ್ ಅನ್ನೋ ಊರಾಗ ಕೊಂಡು ತುಂಬಿಸಿದ್ಳು. ಆ ಔಷಧ ಅಂಗಡೀನ ಜಗತ್ತಿನ ಮೊದಲನೇ ಪೆಟ್ರೋಲ್ ಬಂಕ್ ಅಂತ ಈಗ ತೋರಸ್ತಾರ. ಎಣ್ಣಿ ಹರಿಯೋ ಕೊಳವಿ ಕಟ್ಟಿದಾಗ ತನ್ನ ಟೊಪಗಿ ಪಿನ್ನಿಲೆ ಬಿಡಿಸಿದ್ಳು. ಬ್ರೇಕ್ ಸವದಾಗ ಚಪ್ಪಲಿ ಹೊಲಿಯೋವನ ಹತ್ತರ ಚರ್ಮ ಹಚ್ಚಿಸಿದ್ಳು. ದಿನ್ನಿ ಬಂದಲ್ಲೆ ಮಕ್ಕಳು ಇಳದು ನೂಕಿದ್ರು.

ನಮ್ಮ ವಿಷಯಕ್ಕ ಬೇಕಾದದ್ದು ಇನ್ನೊಂದದ. ನಡುವ ಕಿಡಿ ತಪ್ಪಿತು. ಇಗ್ನಿಷನ್ ವಾಯರಿನ ಮ್ಯಾಲಿನ ಹೊದಿಕಿ ಸವದು ತಂತಿ ಗಾಡಿಯ ಲೋಹಕ್ಕ ತಾಗ್ತಿತ್ತು, ಕರಂಟ್ ಅಲ್ಲೇ ಸೋರಿ ಹೋಗ್ತಿತ್ತು. ಆಕಿ ಕಾಲುಚೀಲ ಜಾರಬಾರದು ಅಂತ ಕಟ್ಟಿಕೊಂಡಿದ್ದ ಪಟ್ಟಿ ಬಿಚ್ಚಿ ಆ ವಾಯರಿಗೆ ಸುತ್ತಿದ್ಳು. ಗಾಡಿ ಚಾಲೂ ಆತು. ಸಂಜಿಗೆ ತವರಮನಿ ಮುಟ್ಟಿ, ಮುಟ್ಟಿದ್ವಿ ಅಂತ ಗಂಡಗ ತಾರು ಕಳಿಸಿದ್ಳು. ನಡುದಾರ್ಯಾಗ ನಿಂತ ಗಾಡಿಯ ಕಿಡಿ ಹುಡುಕಿ ಸರಿಮಾಡಿದ್ದರ ಮೊದಲನೇ ಕತಿ ಅಂದ್ರ ಇದ. ಮಾಡಿದಾಕಿ ಎರಡು ಮಕ್ಕಳ ಕೈ ಹಿಡಕೊಂಡು ತವರಿಗೆ ಹೊಂಟ ಒಬ್ಬ ತಾಯಿ.

ಆಕಿ ಗುದ್ದಲಿಲ್ಲ, ಜಗ್ಗಲಿಲ್ಲ, ಎಂಜಿನ್ ಬಿಚ್ಚಲಿಲ್ಲ. ಎಣ್ಣಿ ಬರ್ತದೋ ಇಲ್ಲೋ ನೋಡಿದ್ಳು, ಕಿಡಿ ಬರ್ತದೋ ಇಲ್ಲೋ ನೋಡಿದ್ಳು, ಎಲ್ಲೆ ಸೋರ್ತದ ಅಂತ ಹುಡುಕಿದ್ಳು. ಇವತ್ತಿಗೂ ಹಳೇ ಗಾಡಿ ನಿಂತಾಗ ಮಾಡೋ ಕೆಲಸ ಇಷ್ಟ. 2008ರಾಗ ಆಕಿ ಹೋದ ದಾರಿಗೆ ಆಕಿದ ಹೆಸರಿಟ್ಟು ಬೋರ್ಡ್ ಹಾಕ್ಯಾರ. ಆಕಿ 1944ರಾಗ, 95 ತುಂಬಿದ ಎರಡ ದಿನಕ್ಕ ತೀರಿಕೊಂಡ್ಳು.

ಬ್ಯಾಟರಿ ಇಲ್ಲದ ಕಿಡಿ

ಆಗಿನ ಬ್ಯಾಟರಿ ಖಾಲಿ ಆದ್ರ ದಾರ್ಯಾಗ ತುಂಬೋ ಉಪಾಯ ಇರ್ಲಿಲ್ಲ. ಅದಕ್ಕ ಬ್ಯಾಟರೀನ ಬ್ಯಾಡ ಅಂತ ವಿಚಾರ ಮಾಡಿದವರು ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ಅವರ ಕಾರಖಾನಿ ಮಂದಿ. ನಮ್ಮ ಸಣ್ಣವರಿದ್ದಾಗಿನ ಸೈಕಲ್ಲಿನ ಡೈನಮೋ ನೆನಪದ ಅಲ್ರಿ? ಗಾಲಿ ತಿರುಗಿದ್ರ ಲೈಟ್ ಹತ್ತತಿತ್ತು. ಹಂಗ ಎಂಜಿನ್ ತಿರಗೋದ್ರಿಂದನ, ಲೋಹಚುಂಬಕದ ಬಲದಿಂದ ಕರಂಟ್ ಹುಟ್ಟಸೋ ಮ್ಯಾಗ್ನೆಟೋ ಅನ್ನೋದನ್ನ 1897ರಾಗ ಅವರು ಮೋಟಾರ್ ಗಾಡಿಗೆ ಹೊಂದಿಸಿದ್ರು. 1902ರಾಗ ಅಲ್ಲಿನ ಎಂಜಿನಿಯರ್ ಗಾಟ್‌ಲೋಬ್ ಹೊನಾಲ್ಡ್ ಅದನ್ನ ಸುಧಾರಿಸಿ, ದೊಡ್ಡ ಒತ್ತಡದ ಕರಂಟು ಸೀದಾ ಸ್ಪಾರ್ಕ್ ಪ್ಲಗ್ಗಿನ ತುದಿಗೆ ಹಾರೋಹಂಗ ಮಾಡಿದ. ಬಿಳಿ ಪಿಂಗಾಣಿ ಮೈಯ ಪ್ಲಗ್ ಗಾಡಿಗಳೊಳಗ ಪಕ್ಕಾ ಆಗಿ ನೆಲಿ ನಿಂತದ್ದು ಆ ಕಾಲಕ್ಕ.

ಅಮೆರಿಕಾದಾಗ 1908ರಿಂದ 1927ರ ತನಕ ಬಂದ ಫೋರ್ಡ್ ಮಾಡೆಲ್ ಟಿ, ಒಂದೂವರಿ ಕೋಟಿಗಿಂತ ಹೆಚ್ಚು ಮಾಡಿ ಮಾರಿದ ಗಾಡಿ. ಅದರೊಳಗೂ ಮ್ಯಾಗ್ನೆಟೋ ಇತ್ತು. ಸಂಗತೀಲೆ ಕಟ್ಟಗಿ ಪೆಟ್ಟಿಗ್ಯಾಗ ನಾಕು ಕಾಯಿಲ್, ಸಿಲಿಂಡರಿಗೆ ಒಂದರಂಗ. ಚಾಲೂ ಮಾಡಿದ ಕೂಡಲೆ ನಾಕೂ ಜೇನ್ನೊಣದಂಗ ಗುಂಯ್ ಅಂತಿದ್ವು. ಯಾವದು ದನಿ ತಗೀಲಿಲ್ಲೋ ಆ ಕಾಯಿಲಿನೊಳಗ ದೋಷ ಅಂತ ಕಿವಿಯಿಂದನ ಹಿಡೀತಿದ್ರು. ವಗ್ಗರಣಿ ಚಟಪಟ ದನಿಲೆ ಸಾಸವಿ ಸಿಡೀತೋ ಇಲ್ಲೋ ತಿಳಕೊಳ್ಳೋ ನಮಗ ಇದೇನು ಹೊಸದಲ್ಲ.

ಹ್ಯಾಂಡಲ್ ಮುರಿದ ಕೈ

ಕಿಡಿ ಹುಟ್ಟಸೋದು ಕಲತ್ರು, ಮೊದಲನೇ ಸುತ್ತು ತಿರಗಸೋದು ಮಾತ್ರ ಕೈಯಿಲೆ. ಮುಂದ ಕಬ್ಬಿಣದ ಹ್ಯಾಂಡಲ್ ಸಿಗಿಸಿ ತಿರಗಸ್ಬೇಕು. ಹಳೇ ಲಾರಿ, ಬಸ್ಸಿಗೆ ಕ್ಲೀನರ್ ಹುಡುಗ ಹ್ಯಾಂಡಲ್ ಹೊಡಿಯೋದನ್ನ ನಮ್ಮ ಅಬಚಿಯಂಥ ವಯಸ್ಸಾದವರು ನೋಡ್ಯಾರ. ಅದರಾಗ ಒಂದು ಅಪಾಯ ಇತ್ತು. ಕಿಡಿ ತನ್ನ ಹೊತ್ತಿಗಿಂತ ಮೊದಲ ಬಿದ್ದುಬಿಟ್ರ ಎಂಜಿನ್ ಉಲ್ಟಾ ಒದೀತದ, ಹ್ಯಾಂಡಲ್ ಹಿಂದಕ್ಕ ತಿರುಗಿ ಮುಂಗೈ ಮುರೀತದ. ಅದಕ್ಕ ಹ್ಯಾಂಡಲ್ ಹೊಡಿಯೋಕಿಂತ ಮೊದಲ ಸ್ಟೇರಿಂಗ್ ಹತ್ತರದ ಒಂದು ಕಡ್ಡಿ ಸರಿಸಿ ಕಿಡಿಯನ್ನ ತಡ ಮಾಡ್ಬೇಕಿತ್ತು. ಮರತ್ರ ಮುಗೀತು, ಕೈಗೆ ಪ್ಲಾಸ್ಟರ್.

ಇದರ ಸಲುವಾಗಿನ ಅಮೆರಿಕಾದ ಶ್ರೀಮಂತ ಮನಿ ಹೆಣ್ಮಕ್ಕಳಿಗೆ ಬ್ಯಾಟರಿ ಗಾಡಿ ಕೊಡಸ್ತಿದ್ರು. ಮಜಾ ಅಂದ್ರ, ಜಗತ್ತಿಗೆಲ್ಲಾ ಪೆಟ್ರೋಲ್ ಗಾಡಿ ಮಾರಿದ ಹೆನ್ರಿ ಫೋರ್ಡಿನ ಹೆಂಡ್ತಿ ಕ್ಲಾರಾ ಓಡಸ್ತಿದ್ದದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್ ಅನ್ನೋ ಬ್ಯಾಟರಿ ಗಾಡಿ!

ಈ ಹ್ಯಾಂಡಲ್ ಕಾಟ ತಪ್ಪಿಸಿದಾವ ಚಾರ್ಲ್ಸ್ ಕೆಟರಿಂಗ್. ಅಮೆರಿಕಾದ ಓಹಾಯೋ ರಾಜ್ಯದ ಡೇಟನ್ ಊರಾಗ ಗೆಳೆಯನ ಮನಿ ದನದ ಕೊಟ್ಟಿಗಿಯಂಥ ಜಾಗಾದಾಗ ಕೆಲಸ ಶುರುಮಾಡಿದವ. ಅವರ ಕಂಪನಿ ಹೆಸರು ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ, ಸಣ್ಣಗ ಡೆಲ್ಕೋ. 1910ರ ಕ್ಯಾಡಿಲಾಕ್ ಗಾಡಿಗೆ ಅವರು ಬ್ಯಾಟರಿ ಇಗ್ನಿಷನ್ ಕೊಟ್ರು. 1912ರ ಕ್ಯಾಡಿಲಾಕಿಗೆ ಕರಂಟಿನ ಸೆಲ್ಫ್ ಸ್ಟಾರ್ಟರ್ ಬಂತು. ನಾವು "ಸೆಲ್ಫ್ ಹೊಡಿ" ಅಂತೀವಲ್ಲ, ಆ ಸೆಲ್ಫ್ ಹುಟ್ಟಿದ್ದು ಅಲ್ಲೆ. ನಮ್ಮ ಕಡೆ ಹಳೇ ಮೇಸ್ತ್ರಿಗಳು ಡಿಸ್ಟ್ರಿಬ್ಯೂಟರಿಗೆ "ಡೆಲ್ಕೋ" ಅಂತ ಕರೀತಾರ. ಕೆಟರಿಂಗನ ಕಂಪನಿ ಹೆಸರು ಹುಬ್ಬಳ್ಳಿ ಗ್ಯಾರೇಜಿನೊಳಗ ಕನ್ನಡ ಶಬ್ದ ಆಗಿ ಕೂತದ.

ಕಿಡಿಯ ದಾರಿ

ಕೆಟರಿಂಗ್ ಹಾಕಿಕೊಟ್ಟ ಈ ದಾರೀನ ಅರವತ್ತು ವರ್ಷದ ಮ್ಯಾಲೆ ಜಗತ್ತಿನ ಗಾಡಿಗಳೆಲ್ಲಾ ಹಿಡಿದ್ವು. ನಮ್ಮ ಅಂಬಾಸಡರ್, ಫಿಯಾಟ್ ಎರಡೂ ಇದ ದಾರಿಯವ. ಇದನ್ನೊಂದು ತಿಳಕೊಂಡ್ರ ಅರ್ಧ ಕೆಲಸ ಆದಂಗ.

ಬ್ಯಾಟರಿಯಿಂದ 12 ವೋಲ್ಟ್ ಕರಂಟ್ ಹೊಂಡ್ತದ, ಚಾವಿ ದಾಟಿ ಕಾಯಿಲಿಗೆ ಬರ್ತದ. ಕಾಯಿಲ್ ಅಂದ್ರ ಒಂದು ಡಬ್ಬಿಯೊಳಗ ಎರಡು ಸುತ್ತು ತಂತಿ, ಒಂದು ದಪ್ಪಂದು ಕಡಿಮಿ ಸುತ್ತು, ಇನ್ನೊಂದು ಕೂದಲಿನಂಥಾದ್ದು ಸಾವಿರಾರು ಸುತ್ತು. ದಪ್ಪ ತಂತಿಯೊಳಗ ಹರಿಯೋ ಕರಂಟನ್ನ ಪಾಯಿಂಟ್ ಅನ್ನೋ ಎರಡು ಸಣ್ಣ ಲೋಹದ ತುಟಿ ಕೂಡಿಸಿ ಅಗಲಸ್ತಾವ. ತುಟಿ ಅಗಲಿದ ಕ್ಷಣಕ್ಕ ಸಣ್ಣ ತಂತಿಯೊಳಗ ಸಾವಿರಾರು ವೋಲ್ಟ್ ಏಳ್ತದ. ಅದು ಡಿಸ್ಟ್ರಿಬ್ಯೂಟರಿನ ಕರೀ ಟೊಪಗಿಯ ನಡುವಿಗೆ ಬಂದು, ಒಳಗ ತಿರಗೋ ರೋಟರಿನಿಂದ ಒಂದೊಂದ ಪ್ಲಗ್ಗಿಗೆ ಸರದಿ ಪ್ರಕಾರ ಹೋಗ್ತದ. ಪಂಕ್ತಿಯೊಳಗ ಹೋಳಗಿ ಬಡಿಸಿದಂಗ, ಆದ್ರ ಸಾಲು ಹಿಡದಲ್ಲ. ನಮ್ಮ ಫಿಯಾಟಿನೊಳಗ 1, 3, 4, 2 ಅನ್ನೋ ಸರದಿ.

ಇದರೊಳಗ ಕಂಡೆನ್ಸರ್ ಅಂತ ಹೆಬ್ಬೆರಳಿನಷ್ಟು ಒಂದು ಡಬ್ಬಿ ಇರ್ತದ. ಇಸ್ತ್ರಿ ಪೆಟಗಿ ಚಾಲೂ ಇದ್ದಾಗನ ಪಿನ್ ಜಗ್ಗಿದ್ರ ಸ್ವಿಚ್ಚಿನ ತೂತಿನ್ಯಾಗ ನೀಲಿ ಬೆಳಕು ಫಕ್ ಅಂತದಲ್ಲ, ಪಾಯಿಂಟಿನ ತುಟಿ ಅಗಲಿದಾಗಲೂ ಹಂಗ ಆಗ್ಬೇಕು. ಹಂಗಾದ್ರ ತುಟಿ ಸುಡ್ತಾವ, ಪ್ಲಗ್ಗಿನ ಕಿಡಿ ಬಡವಾಗ್ತದ. ಆ ಹಾರೋ ಕರಂಟಿಗೆ ಒಂದು ಗಳಿಗಿ ಕೂಡ್ಲಿಕ್ಕೆ ಜಾಗಾ ಕೊಡೋದ ಕಂಡೆನ್ಸರಿನ ಕೆಲಸ. ನೋಡ್ಲಿಕ್ಕೆ ಏನೂ ಅಲ್ಲ, ಅದು ಕೆಟ್ರ ಗಾಡಿ ನಿಂತಂಗ.

ನಮ್ಮ ದೇಶದ ಕಡೆ ಬರೋಣ. ಮುಂಬೈಯ ಕುರ್ಲಾದಾಗಿನ ಪ್ರೀಮಿಯರ್ ಆಟೋಮೊಬೈಲ್ಸ್ ಕಾರಖಾನಿ ಇಟಲಿಯ ಫಿಯಾಟ್ 1100 ಗಾಡಿಯನ್ನ ಇಲ್ಲೆ ಮಾಡ್ತಿತ್ತು. 1970ರ ದಶಕದಾಗ ಅದಕ್ಕ ಪ್ರೀಮಿಯರ್ ಪದ್ಮಿನಿ ಅಂತ ಹೆಸರು ಬಂತು, ಚಿತ್ತೂರಿನ ರಾಣಿ ಹೆಸರು. ಹೆಸರು ಬದಲಾದ್ರೂ ಮಂದಿ ಬಾಯಾಗ ಫಿಯಾಟ್ ಹೋಗ್ಲಿಲ್ಲ. ಅಂಬಾಸಡರ್ ಬಂಗಾಲದ ಉತ್ತರಪಾರಾದಾಗ ಆಗ್ತಿತ್ತು, 2014ರ ತನಕ ಬಂತು. ಇನ್ನ ನಮ್ಮ ಕರ್ನಾಟಕದ ಪಾಲೇನು ಅಂದ್ರ ಪ್ಲಗ್. 1951ರಾಗ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದ್ರ ನಮ್ಮ ಮೈಕೋ, ಬೆಂಗಳೂರಿನ ಆಡುಗೋಡಿಯೊಳಗ ಕಾರಖಾನಿ ಕಟ್ಟಿ ಪ್ಲಗ್ ಮಾಡ್ತು. ಮ್ಯಾಗ್ನೆಟೋ ಮಾಡಿದ ಅದ ಬಾಷ್ ಮನೆತನದ ಕವಲು ಇದು. 2008ರಾಗ ಹೆಸರೂ ಬಾಷ್ ಅಂತ ಬದಲಾತು. ಬೆಂಗಳೂರಾಗ ಮೈಕೋ ಲೇಔಟ್ ಅನ್ನೋ ಹೆಸರು ಮಾತ್ರ ಇನ್ನೂ ಉಳದದ.

ಪಾಯಿಂಟಿನ ಕಾಲ ಹೊರಗಿನ ದೇಶದಾಗ ಮೊದಲ ಮುಗೀತು. ಅಮೆರಿಕಾದ ಕ್ರೈಸ್ಲರ್ ಕಂಪನಿ 1973ಕ್ಕ ತನ್ನ ಎಲ್ಲಾ ಗಾಡಿಗೂ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕ್ತು. ಸವಿಯೋ ತುಟಿ ಹೋಗಿ ಅಲ್ಲೆ ಸರ್ಕ್ಯೂಟ್ ಬಂತು. ಈಗಿನ ಗಾಡಿಯೊಳಗ ಡಿಸ್ಟ್ರಿಬ್ಯೂಟರೂ ಇಲ್ಲ, ಪ್ಲಗ್ಗಿನ ತಲಿ ಮ್ಯಾಲೇ ಕಾಯಿಲ್ ಕೂಡ್ತದ. ಛೊಲೊ ಆತು, ಕೆಡೋದು ಕಡಿಮಿ ಆತು. ಆದ್ರ ಕೆಟ್ರ ನಮ್ಮ ಕೈಯಾಗ ಏನೂ ಇಲ್ಲ. ಕಂಪ್ಯೂಟರ್ ಹಚ್ಚಿ ನೋಡೋವನ ಬರ್ಬೇಕು.

ಮಾವನವರ ಬಿಸ್ಕೀಟ್ ಡಬ್ಬಿ

ನಮ್ಮ ಮಾವನವರು ವರ್ಷಗಟ್ಟಲೆ ಪಾಳಿ ಕಾದು ಕೊಂಡ ಪದ್ಮಿನಿ ಅದು, 1978ರದ್ದು. ಅವರ ಹತ್ತರ ಒಂದು ಬಿಸ್ಕೀಟ್ ಡಬ್ಬಿ ಇತ್ತು. ಅದರಾಗ ಒಂದು ಜೋಡಿ ಪಾಯಿಂಟ್, ಒಂದು ಕಂಡೆನ್ಸರ್, ಎರಡು ಪ್ಲಗ್, ಫಿಲ್ಲರ್ ಗೇಜ್, ನುಣುಪು ಉಸುಕಿನ ಕಾಗದ, ಒಂದು ಒಣ ಹತ್ತೀ ಅರಿವಿ. ಅವರು ಬಾನೆಟ್ ಎತ್ತಿದ್ರಂದ್ರ ಬ್ಯಾಟರಿ ಹಿಡಿಯೋ ಕೆಲಸ ನಂದು. ನಮ್ಮ ಮನಿಯವರು ಆಫೀಸಿಗೆ ಹೋಗಿರ್ತಿದ್ರು, ಅತ್ತಿಯವರು ಅಡಗಿಯೊಳಗ. ಹಿಂಗಾಗಿ ಮಾವನವರ ಬಾಯಿಂದ ಬಂದದ್ದೆಲ್ಲಾ ನನ್ನ ಕಿವಿಗೆ ಬಿತ್ತು. "ಒಂದು ಸಲಕ್ಕ ಒಂದ ಸಾಮಾನು ಬದಲಿ ಮಾಡ್ಬೇಕವಾ. ಎಲ್ಲಾ ಕೂಡೇ ಬದಲಿ ಮಾಡಿದ್ರ ಗಾಡಿ ಚಾಲೂ ಆದೀತು, ನಾವೇನೂ ಕಲ್ತಂಗ ಆಗಂಗಿಲ್ಲ" ಅಂತಿದ್ರು.

ಅವರು ಹೋದ ಮ್ಯಾಲೆ ಗಾಡಿಗೊಂದು ಹೊಸ ಖೋಡಿ ಹತ್ತಿತು. ಮುಂಜಾನೆ ಛೊಲೊ ಚಾಲೂ ಆಗೋದು, ಹತ್ತ ಹದಿನೈದು ಮಿನಿಟು ಓಡೋದು, ಉಣಕಲ್ ಕೆರಿ ಬರೋದ್ರಾಗ ಕೆಮ್ಮಿ ನಿಲ್ಲೋದು. ಅರ್ಧಾ ತಾಸು ಬಿಟ್ರ ಮತ್ತ ಚಾಲೂ. ಗ್ಯಾರೇಜಿಗೆ ಒಯ್ದ್ರ ಅಲ್ಲೆ ಸಾಧು ಮಗೂನಂಗ ಓಡೋದು. ಎರಡು ಮೂರು ಸಲ ತೋರಿಸಿದ್ವಿ. ಪೆಟ್ರೋಲ್ ಪಂಪ್ ಬದಲಿ ಆತು, ಕಾರ್ಬುರೇಟರ್ ತೊಳದದ್ದಾತು, ಕಡೀಕ "ಎಂಜಿನ್ ಇಳಸಬೇಕು" ಅಂದ್ರು. ಅವರು ಹೇಳಿದ ರೊಕ್ಕ ಕೇಳಿ ನಮ್ಮ ಮಗ ಬೆಂಗಳೂರಿನಿಂದನ, "ಅಮ್ಮಾ, ಗುಜರಿಗೆ ಕೊಟ್ಟುಬಿಡ್ರಿ" ಅಂದ. ಕೊಳ್ಳೋವನೂ ಬಂದು ನೋಡಿಕೊಂಡು ಹೋದ. ಅತ್ತಿಯವರು ಏನೂ ಮಾತಾಡ್ಲಿಲ್ಲ, ಅವತ್ತು ರಾತ್ರಿ ಊಟಕ್ಕ ಬರ್ಲಿಲ್ಲ.

ಮರುದಿನ ನಾ ನಮ್ಮ ಮನಿಯವರಿಗೆ ಹೇಳ್ದೆ, "ಗಾಡಿ ಓಡೋವಾಗ ನೋಡಿದ್ರ ಏನ್ ಸಿಗ್ತದ? ನಿಂತಾಗ ನೋಡ್ಬೇಕು. ಜ್ವರಾ ಇದ್ದಾಗನ ಡಾಕ್ಟರ್ ಹತ್ತರ ಹೋಗ್ಬೇಕಲ್ರಿ?" ಡಬ್ಬಿ ತಗೊಂಡು ಇಬ್ಬರೂ ಹೊಂಟ್ವಿ. ಸರಿಯಾಗಿ ಕೆರಿ ಹತ್ತರ ನಿಂತಿತು. ತಡಾ ಮಾಡ್ಲಿಲ್ಲ. ಡಿಸ್ಟ್ರಿಬ್ಯೂಟರಿನ ನಡುವಿನ ವಾಯರ್ ತಗದು, ರಬ್ಬರ್ ಹಿಡಿಕಿ ಇಕ್ಕಳಲೆ ಹಿಡದು, ತುದೀನ ಎಂಜಿನಿನ ಲೋಹಕ್ಕ ಗೋಧಿಕಾಳಿನಷ್ಟು ದೂರ ಇಟ್ಟೆ. ಅವರು ಸೆಲ್ಫ್ ಹೊಡದ್ರು. ಬಂದ ಕಿಡಿ ತೆಳ್ಳಗ, ಹಳದಿ, ಒಮ್ಮೆ ಬಂದ್ರ ಒಮ್ಮೆ ಇಲ್ಲ. ಅಂದ್ರ ಪೆಟ್ರೋಲಿನ ತಂಟೆ ಅಲ್ಲ, ಎಂಜಿನಿನ ತಂಟೇನೂ ಅಲ್ಲ. ಟೊಪಗಿ ಬಿಚ್ಚಿ ನೋಡಿದ್ರ ಪಾಯಿಂಟಿನ ತುಟಿ ಸುಟ್ಟು ನೀಲಿಯಾಗಿದ್ವು. ಅದು ಕಂಡೆನ್ಸರಿನ ಗುರುತು, ತಣ್ಣಗಿದ್ದಾಗ ಕೆಲಸ ಮಾಡಿ ಕಾದಾಗ ಕೈಬಿಡೋದೂ ಅದರ ಚಾಳಿ. ಡಬ್ಯಾಗಿನ ಕಂಡೆನ್ಸರ್ ಒಂದನ್ನ ಹಾಕಿದ್ವಿ. ಮತ್ತ ಸೆಲ್ಫ್ ಹೊಡದಾಗ ಬಂದ ಕಿಡಿ ದಪ್ಪ, ನೀಲಿ, ಚಟ್ ಅಂತ ದನಿ. ಹೊಸಾ ಪಾಯಿಂಟ್ ಆಮ್ಯಾಲೆ ಮನಿಗೆ ಬಂದು ಹಾಕಿದ್ವಿ. ಎಂಜಿನ್ ಇಳಸೋ ಕೆಲಸ ಒಂದು ಸೀರಿಗೆ ಫಾಲ್ ಹಚ್ಚಿಸೋ ಖರ್ಚಿನೊಳಗ ಮುಗೀತು. ಅವತ್ತು ಸಂಜಿಗೆ ಅತ್ತಿಯವರನ್ನ ಮುಂದ ಕೂಡಿಸಿಕೊಂಡು ಸಿದ್ಧಾರೂಢ ಮಠಕ್ಕ ಹೋಗಿ ಬಂದ್ವಿ.

ಸರದಿ ತಪ್ಪಬ್ಯಾಡ್ರಿ

ನಿಮ್ಮ ಮನ್ಯಾಗ ಇಂಥಾ ಗಾಡಿ ಇದ್ರ ಈ ಸರದಿ ಬರದಿಟ್ಟುಕೋರ್ರಿ.

ಮೊದಲ ನಮ್ಮ ಜೀವ. ಸೆರಗು ಸೊಂಟಕ್ಕ ಸಿಗಸ್ರಿ, ಜಡಿ ಮ್ಯಾಲೆ ಕಟ್ರಿ, ಎಂಜಿನಿನ ಫ್ಯಾನು, ಬೆಲ್ಟು ಯಾರ ಮಾತೂ ಕೇಳಂಗಿಲ್ಲ. ಬಂಗಾರದ ಬಳಿ, ಉಂಗುರ ತಗದಿಡ್ರಿ, ಬ್ಯಾಟರಿಯ ಎರಡೂ ಕೊನಿಗೆ ಲೋಹ ತಾಗಿದ್ರ ಕೆಂಪಗ ಕಾಯ್ತದ. ಕಿಡಿ ನೋಡೋವಾಗ ಪೆಟ್ರೋಲ್ ವಾಸನಿ ಇದ್ರ, ಸೋರಿದ್ರ ಕೈ ಹಚ್ಚಬ್ಯಾಡ್ರಿ. ಎದಿಯೊಳಗ ಪೇಸ್‌ಮೇಕರ್ ಇದ್ದವರು ದೂರ ನಿಲ್ರಿ.

ಆಮ್ಯಾಲೆ ಬ್ಯಾಟರಿ. ಹಾರ್ನ್ ಸಣ್ಣಗಾದ್ರ, ಸೆಲ್ಫ್ ಹೊಡದಾಗ ಲೈಟ್ ಪೂರಾ ಮಂಕಾದ್ರ ಅಲ್ಲೇ ದೋಷ. ಕೊನಿಗಳ ಮ್ಯಾಲೆ ಬಿಳೀ ಹಸರು ಬೂಷ್ಟು ಕೂತಿದ್ರ ವಾಯರ್ ಬಿಚ್ಚಿ, ಅಡಗಿ ಸೋಡಾ ಕಲಸಿದ ಬಿಸಿನೀರಿಲೆ ತೊಳದು, ಒಣಗಿಸಿ, ಬಿಗಿ ಮಾಡಿ, ಮ್ಯಾಲೆ ಜರ ವ್ಯಾಸಲೀನ್ ಹಚ್ರಿ. ನೀರು ಬ್ಯಾಟರಿ ಒಳಗ ಹೋಗಬಾರದು.

ಮೂರನೇದು, ನಡುವಿನ ವಾಯರಿನ ಕಿಡಿ, ಮ್ಯಾಲೆ ಹೇಳಿದಂಗ. ಅಲ್ಲೆ ಕಿಡಿ ಇಲ್ಲಂದ್ರ ಅಥವಾ ಬಡವಾಗಿದ್ರ ದೋಷ ಪಾಯಿಂಟ್, ಕಂಡೆನ್ಸರ್, ಕಾಯಿಲ್, ಇಲ್ಲಾ ಅವನ್ನ ಕೂಡಿಸೋ ವಾಯರಿನೊಳಗ. ಪಾಯಿಂಟ್ ಮಸಿ ಹಿಡದಿದ್ರ ಉಸುಕಿನ ಕಾಗದಲೆ ಹಗೂರಕ ತಿಕ್ಕಿ ಒರಸ್ರಿ. ಎರಡು ತುಟಿ ನಡುವಿನ ಸಂದಿ ಅರ್ಧಾ ಮಿಲಿಮೀಟರಿಗಿಂತ ಜರ ಕಡಿಮಿ ಇರ್ಬೇಕು, ಸರೀ ಅಳತಿ ಗಾಡಿ ಪುಸ್ತಕದಾಗ ಇರ್ತದ. ತಿರುಗಿ ತಿರುಗಿ ಅದರ ಹಿಮ್ಮಡಿ ಸವದು ಸಂದಿ ಮುಚ್ಚತದ, ಅದಕ್ಕ ಆಗಾಗ ನೋಡ್ಬೇಕು. ಒಳಗಿನ ಸಣ್ಣ ವಾಯರ್ ಹರದಿರ್ತದ, ಹೊರಗಿಂದ ಕಾಣಂಗಿಲ್ಲ, ಕೈಯಿಲೆ ಅಲಗಾಡಿಸಿ ನೋಡ್ರಿ.

ನಾಕನೇದು, ನಡುವ ಕಿಡಿ ಛೊಲೊ ಇದ್ದು ಪ್ಲಗ್ಗಿಗೆ ಬರ್ಲಿಲ್ಲಂದ್ರ ಟೊಪಗಿ ಅಥವಾ ರೋಟರ್. ಮಳಿಗಾಲದಾಗ ಟೊಪಗಿಯೊಳಗ ಹಸಿ ಇರ್ತದ, ಒಣ ಅರಿವಿಲೆ ಒಳಗ ಹೊರಗ ಒರಸ್ರಿ, ವಾಯರೂ ಒರಸ್ರಿ. ಪೆನ್ಸಿಲ್ಲಿನಲೆ ಗೀಚಿದಂಥ ಕರೀ ಗೆರಿ ಕಂಡ್ರ ಅಲ್ಲೆ ಟೊಪಗಿ ಸೀಳೇದ, ಬದಲಿ ಮಾಡ್ಬೇಕು. ವಾಯರ್ ತಗಿಯೋಕಿಂತ ಮೊದಲ ಯಾವದು ಎಲ್ಲಿದ್ದು ಅಂತ ನೂಲು ಕಟ್ಟಿ ಗುರುತು ಮಾಡ್ರಿ, ಸರದಿ ತಪ್ಪಿದ್ರ ಪಟಾಕ್ಷಿ ಹಾರಿಸಿದಂಗ ಸದ್ದಾಗ್ತದ.

ಐದನೇದು, ಪ್ಲಗ್. ತುದಿ ತಿಳಿ ಕಂದು ಬಣ್ಣ ಇದ್ರ ಆರೋಗ್ಯ. ಒಣ ಕಾಡಿಗಿ ಇದ್ರ ಪೆಟ್ರೋಲ್ ಹೆಚ್ಚು ಹೋಗ್ಲಿಕ್ಕೆ ಹತ್ತೇದ. ಜಿಡ್ಡು ಇದ್ರ ಎಂಜಿನ್ ಎಣ್ಣಿ ಏರ್ತದ, ಆವಾಗ ಮೇಸ್ತ್ರಿ ಎಂಜಿನ್ ಬಿಚ್ಚತೀನಿ ಅಂದ್ರ ಅವನ ಮಾತಿನಾಗ ಖರೇತನ ಅದ.

ಇನ್ನೊಂದು ಮಾತು, ಎಂಜಿನ್ ಬಂದ್ ಇದ್ದಾಗ ಚಾವಿ ಚಾಲೂ ಬಿಟ್ಟು ಹರಟಿ ಹೊಡಿಯಬ್ಯಾಡ್ರಿ. ಪಾಯಿಂಟಿನ ತುಟಿ ಕೂಡಿದ್ರ ಕರಂಟ್ ಹರೀತನ ಇರ್ತದ, ಕಾಯಿಲ್ ಕಾದು ಸುಡ್ತದ.

2023ರ ಅಕ್ಟೋಬರ್ ತಿಂಗಳಿಗೆ ಮುಂಬೈಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗೀತು, ಕಡೀದರ ಲೈಸನ್ಸ್ ಅವಧಿ ತೀರಿತು. ಸಾವಿರಾರು ಗಾಡಿ ಓಡಿದ ಊರಾಗ ಈಗ ಪಾಯಿಂಟಿನ ಸಂದಿ ನೋಡೋವರಿಗೆ ಕೆಲಸ ಇಲ್ಲ. ನಮ್ಮ ಊರಾಗೂ ಡೆಲ್ಕೋ ಅಂದ್ರ ತಿಳಿಯೋ ಮೇಸ್ತ್ರಿಗಳು ಅರವತ್ತು ದಾಟ್ಯಾರ. ಅವರ ಹಿಂದ ಈ ವಿದ್ಯಾ ಎಲ್ಲೆ ಉಳೀತದ? ಗಾಡಿ ಇದ್ದ ಮನ್ಯಾಗ ಉಳೀಬೇಕು. ಉಪ್ಪಿನಕಾಯಿ ಹದ ನಾವು ಪುಸ್ತಕ ನೋಡಿ ಕಲ್ತಿಲ್ಲ, ಅತ್ತಿ ಹತ್ತರ ನಿಂತು ಕಲ್ತೀವಿ. ಇದೂ ಹಂಗ.

ಅದಕ್ಕ ನಮ್ಮ ಬಿಸ್ಕೀಟ್ ಡಬ್ಯಾಗ ಹೊಸಾ ಕಂಡೆನ್ಸರ್, ಹೊಸಾ ಪಾಯಿಂಟ್ ತಂದಿಟ್ಟೀನಿ. ದೀಪಾವಳಿಗೆ ಮಗ ಬಂದಾಗ ಬಾನೆಟ್ ಎತ್ತೋದು ಅವನ ಮಗಳು, ಹನ್ನೊಂದು ವರ್ಷದಾಕಿ. ಅವ ಬ್ಯಾಟರಿ ಹಿಡಕೊಂಡು ನಿಂದ್ರಲಿ. ನಿಮ್ಮ ಮನಿ ಹಿರಿಯರ ಗಾಡಿ ಡಬ್ಯಾಗ ಏನೇನಿತ್ತು ಅಂತ ಮುಂದಿನ ಸಲ ಸಿಕ್ಕಾಗ ಹೇಳ್ರಿ, ಚಹಾ ಮಾಡಿ ಕೂತು ಕೇಳ್ತೀ‌ನಿ.